ಟಗರಿನ ಬುರುಡೆ ಕುದಿಸಿ ಕೆಡಿಸಿಕೊಂಡಿದ್ದೇನೆ, ಇನ್ನೂ ಉಳಿಸಬಹುದಾ?

ಕೆಂಚನ_ದೋಸ್ತ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಸಿಂಧನೂರು ಹತ್ತಿರ ಹಳ್ಳಿ. ತಾತ ಕೆಂಗುರಿ ಸಾಕುತ್ತಾರೆ. ಅದರಲ್ಲಿ ಕೆಂಚ ಅಂತ ಒಂದು ಟಗರು ಇತ್ತು. ನಾನು ಪಿಯುಸಿ ಓದುವಾಗ ಹುಟ್ಟಿದ್ದು. ಎಂಟು ಹಲ್ಲಾಗಿ ಎಷ್ಟೋ ವರ್ಷ ಕಳೆದಿತ್ತು. ಕೊಂಬು ಒಂದು ಸುತ್ತು ಪೂರ್ತಿ ಬಂದು ಮತ್ತೆ ಹೊರಗೆ ತಿರುಗಿತ್ತು. ಬಲಗೊಂಬಿನ ಅಂಚಿನಲ್ಲಿ ಒಂದು ಕಚ್ಚು. ಕೊಟ್ಟಿಗೆಯ ಕಲ್ಲುಗೂಟಕ್ಕೆ ದಿನಾ ಗುದ್ದಿ ಗುದ್ದಿ ಆಗಿದ್ದು. ಹೋದ ಮಳೆಗಾಲದಲ್ಲಿ ಹೊಸ ಹುಲ್ಲು ಜಾಸ್ತಿ ತಿಂದು ಒಂದೇ ರಾತ್ರಿಯಲ್ಲಿ ಹೋಯಿತು. ಡಾಕ್ಟರ್ ಬಂದು ನೋಡಿ ಕರುಳು ಬೇನೆ ಅಂದರು. ತಾತ ಹೂಳಲು ಗುಂಡಿ ತೋಡಿಸಿದರು. ನಾನು ತಲೆ ಮಾತ್ರ ಇಟ್ಟುಕೊಳ್ಳುತ್ತೇನೆ ಅಂದೆ. ಹುಚ್ಚ ಅಂದರು, ಆದರೆ ಬೇಡ ಅನ್ನಲಿಲ್ಲ.

ಇಲ್ಲಿಂದ ನನ್ನ ತಪ್ಪುಗಳು ಶುರು. ಹಿತ್ತಲಲ್ಲಿ ಕಬ್ಬಿಣದ ಹಳೇ ಕೊಪ್ಪರಿಗೆ ಇತ್ತು. ಅದರಲ್ಲಿ ತಲೆ ಇಟ್ಟು, ಎರಡು ಹಿಡಿ ವಾಷಿಂಗ್ ಸೋಡಾ ಹಾಕಿ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೊತ ಕೊತ ಕುದಿಸಿದೆ. ಮಾಂಸ ಚೆನ್ನಾಗಿ ಬಿಟ್ಟಿತು. ಉಳಿದದ್ದನ್ನು ಚಾಕುವಿನಿಂದ ಕೆರೆದೆ. ಬೆಳ್ಳಗಾಗಲಿ ಅಂತ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ನೋಡಿದರೆ ಮಲ್ಲಿಗೆ ಹೂವು! ಬಕೆಟ್‌ನಲ್ಲಿಟ್ಟು ಬಟ್ಟೆ ಸುತ್ತಿ, ಸ್ಲೀಪರ್ ಬಸ್ಸಿನಲ್ಲಿ ಬೆಂಗಳೂರಿಗೆ ತಂದೆ. ಕ್ಲೀನರ್ ಏನಿದು ಅಂದಾಗ ಉಪ್ಪಿನಕಾಯಿ ಅಂದೆ.

ಈಗ ಎರಡು ತಿಂಗಳಾಗಿದೆ. ಸಮಸ್ಯೆಗಳು ಇವು:

ಹಿಂದಲೆ ಮತ್ತು ದವಡೆಯ ಮೂಲೆಯಲ್ಲಿ ಹಳದಿ ಕಲೆ ಬಂದಿದೆ. ಬಿಸಿಲಿಗಿಟ್ಟರೆ ಅಲ್ಲಿ ಅಂಟಂಟು. ಕೊಂಬಿನ ಬುಡದಿಂದ ವಾಸನೆ ಬರುತ್ತದೆ. ಮೂಗಿನ ಮೇಲಿನ ಎರಡು ಉದ್ದ ಮೂಳೆ ಅಲ್ಲಾಡುತ್ತಿವೆ. ಹಣೆಯ ಮೇಲೆ ತುಕ್ಕಿನ ಬಣ್ಣದ ಗೆರೆಗಳಿವೆ. ಕೆಳದವಡೆ ನಡುಮಧ್ಯದಲ್ಲಿ ಎರಡು ತುಂಡಾಗಿದೆ. ಎಲ್ಲಕ್ಕಿಂತ ಬೇಜಾರು ಅಂದರೆ ಮೇಲಿನ ಮುಂದಿನ ಹಲ್ಲುಗಳು ಒಂದೂ ಇಲ್ಲ. ಕೆಳಗಿನವು ಉದುರಿದ್ದರೂ ಎಂಟೂ ಸಿಕ್ಕಿದವು. ಮೇಲಿನವು ಕೊಪ್ಪರಿಗೆಯ ನೀರಿನ ಜೊತೆ ಚರಂಡಿಗೆ ಹೋಗಿರಬೇಕು. ತಾತನಿಗೆ ಫೋನ್ ಮಾಡಿ ಹುಡುಕಿಸಿದೆ. ಅವರು ಜೋರಾಗಿ ನಕ್ಕು ಫೋನ್ ಇಟ್ಟುಬಿಟ್ಟರು.

ಮೇಲೆ ವಾರ್ನಿಷ್ ಹೊಡೆದರೆ ವಾಸನೆಯೂ ನಿಲ್ಲುತ್ತೆ, ಕಲೆಯೂ ಮುಚ್ಚುತ್ತೆ ಅಂತ ಗೆಳೆಯರೊಬ್ಬರು ಹೇಳಿದರು. ಹೊಡೆಯಬಹುದಾ? ಮನೆಯವಳು ದೀಪಾವಳಿವರೆಗೆ ಗಡುವು ಕೊಟ್ಟಿದ್ದಾಳೆ.

ನಾಗರಬಾವಿ_ನಾಣಿ:

ಬಿಳಿ ಏಷ್ಯನ್ ಪೇಂಟ್ ಒಂದು ಕೋಟ್. ಐದು ನಿಮಿಷದ ಕೆಲಸ. ತುಕ್ಕಿನ ಕಲೆಗೆ ಹುಣಸೆಹಣ್ಣು ಹಾಕಿ ಉಜ್ಜಿ, ಹಿತ್ತಾಳೆ ಪಾತ್ರೆಗೆ ಹಾಕಲ್ವಾ, ಹಾಗೆ.

ಮೂಳೆಮೇಷ್ಟ್ರು:

ಪೇಂಟ್ ಬೇಡ. ವಾರ್ನಿಷ್ ಬೇಡ. ಹುಣಸೆಹಣ್ಣಂತೂ ಬೇಡವೇ ಬೇಡ. ದಯವಿಟ್ಟು ಎಲ್ಲವನ್ನೂ ಕೆಳಗಿಟ್ಟು ಇದನ್ನು ಓದಿ.

ನಾನು ಮೇಷ್ಟ್ರಲ್ಲ. ಒಂದು ಪಶುವೈದ್ಯ ಕಾಲೇಜಿನ ಅನಾಟಮಿ ವಿಭಾಗದಲ್ಲಿ 31 ವರ್ಷ ಅಟೆಂಡರ್ ಆಗಿದ್ದೆ. ಹುಡುಗರಿಗೆ ತೋರಿಸುವ ಮೂಳೆಗಳನ್ನು ತಯಾರು ಮಾಡುವುದು ನನ್ನ ಕೆಲಸ. ಎಮ್ಮೆ, ಕುದುರೆ, ನಾಯಿ, ಕುರಿ, ಕೋಳಿ ಎಲ್ಲ ಕೈಯಲ್ಲಿ ಹಾದುಹೋಗಿವೆ. ಹೆಸರು ಹುಡುಗರು ಇಟ್ಟದ್ದು.

ಮೊದಲು ನಿಮ್ಮ ತಪ್ಪಲ್ಲದ್ದನ್ನು ಹೇಳಿಬಿಡುತ್ತೇನೆ, ಮನಸ್ಸಿಗೆ ಸಮಾಧಾನ ಆಗಲಿ. ಕುರಿಗೆ ಮೇಲಿನ ಮುಂದಿನ ಹಲ್ಲು ಇರುವುದೇ ಇಲ್ಲ! ಆಡಿಗೂ ಇಲ್ಲ, ದನಕ್ಕೂ ಇಲ್ಲ. ಅಲ್ಲಿರುವುದು ಗಟ್ಟಿ ವಸಡು ಅಷ್ಟೆ. ಕೆಳಗಿನ ಎಂಟು ಹಲ್ಲು ಅದಕ್ಕೆ ಒತ್ತಿ ಹುಲ್ಲು ಕೀಳುತ್ತವೆ. ಒಟ್ಟು 32 ಹಲ್ಲು. ಕೆಳಗೆ ಮುಂದೆ ಎಂಟು, ಉಳಿದ 24 ಹಿಂದಿನ ದವಡೆ ಹಲ್ಲುಗಳು. ತಾತ ಯಾಕೆ ನಕ್ಕರು ಅಂತ ಈಗ ಗೊತ್ತಾಯಿತಲ್ಲ? ಜೀವನವೆಲ್ಲ ಬಾಯಿ ಬಿಡಿಸಿ ಎರಡು ಹಲ್ಲು, ನಾಲ್ಕು ಹಲ್ಲು ಅಂತ ವಯಸ್ಸು ನೋಡಿದವರು ಅವರು.

ಕೆಳದವಡೆ ಮುರಿದೂ ಇಲ್ಲ. ಕುರಿಯಲ್ಲಿ ಎಡ ಬಲ ಎರಡು ಮೂಳೆ ಮುಂದುಗಡೆ ನಾರಿನಿಂದ ಸೇರಿಕೊಂಡಿರುತ್ತವೆ. ನಾರು ಹೋದರೆ ಬಿಡಿಸಿಕೊಳ್ಳುತ್ತವೆ. ಕೊನೆಯಲ್ಲಿ ಅಂಟಿಸಿದರಾಯಿತು.

ಈಗ ನಿಮ್ಮ ತಪ್ಪುಗಳು.

ಕುದಿಸಿದ್ದು. ಎಲ್ಲರೂ ಮಾಡುವುದೇ ಇದು. ತಲೆಮಾಂಸದ ಸಾರು ಮಾಡಿ ಅಭ್ಯಾಸ ಇರುತ್ತದಲ್ಲ, ಅದೇ ದಾರಿ ಹೊಳೆಯುತ್ತದೆ. ನಾವೂ ಕಾಲೇಜಿನಲ್ಲಿ ಎಮ್ಮೆಯ ತೊಡೆಮೂಳೆ ಕುದಿಸುತ್ತಿದ್ದೆವು, ಸುಳ್ಳು ಹೇಳುವುದಿಲ್ಲ. ಆದರೆ ಬುರುಡೆ ತೊಡೆಮೂಳೆಯಲ್ಲ. ಕೊತ ಕೊತ ಕುದಿಯುವಾಗ ಮಾಂಸ ಬಿಡುವುದು ಒಂದು ಕಡೆ, ಕರಗಿದ ಕೊಬ್ಬು ಮೂಳೆಯ ಸಣ್ಣ ಸಣ್ಣ ತೂತುಗಳಿಗೆ ಇಳಿಯುವುದು ಇನ್ನೊಂದು ಕಡೆ. ಈಗ ನಿಮಗೆ ಕಾಣುತ್ತಿರುವ ಹಳದಿ ಅದೇ. ಬಿಸಿಲಿಗೆ ಅಂಟುವುದೂ ಅದೇ. ಅದು ಬಣ್ಣವಲ್ಲ, ಜಿಡ್ಡು. ಎಷ್ಟು ಬಿಳಿ ಮಾಡಿದರೂ ಒಳಗಿನಿಂದ ಮತ್ತೆ ಬಂದೇ ಬರುತ್ತದೆ. ನಿಮ್ಮ ಮಲ್ಲಿಗೆ ಹೂವು ಬಾಡಿದ್ದು ಇದರಿಂದ. ವಾರ್ನಿಷ್ ಹೊಡೆದರೆ ಜಿಡ್ಡನ್ನು ಒಳಗೇ ಬೀಗ ಹಾಕಿ ಕೂರಿಸಿದ ಹಾಗೆ. ಆರು ತಿಂಗಳಿಗೆ ಇಡೀ ಬುರುಡೆ ಹಳೇ ಬೆಣ್ಣೆಯ ಬಣ್ಣಕ್ಕೆ ಬರುತ್ತದೆ, ಆಮೇಲೆ ವಾರ್ನಿಷ್ ಕೀಳುವುದೇ ಒಂದು ಶಿಕ್ಷೆ.

ಮೂಗಿನ ಮೂಳೆ ಅಲ್ಲಾಡುವುದೂ ಕುದಿಸಿದ್ದಕ್ಕೇ. ಮೂಳೆ ಮೂಳೆ ಸೇರುವ ಹೊಲಿಗೆಯ ಜಾಗದಲ್ಲಿ ಇರುವ ನಾರು ಬೆಂದುಹೋಗಿದೆ. ಕೆಂಚ ವಯಸ್ಸಾದ ಟಗರು, ಅದಕ್ಕೇ ಇಷ್ಟರಲ್ಲೇ ಉಳಿಯಿತು. ನಾನು ಕೆಲಸಕ್ಕೆ ಸೇರಿದ ವರ್ಷ ಒಂದು ಎಳೆಗರುವಿನ ತಲೆಯನ್ನು ಹೀಗೇ ಒಲೆ ಮೇಲೆ ಮರೆತು ಊಟಕ್ಕೆ ಹೋದೆ. ಬಂದು ನೋಡಿದರೆ ಬುರುಡೆ ಇಲ್ಲ, ಚಿಪ್ಪುಗಳ ರಾಶಿ ಇದೆ. ನಮ್ಮ ಪ್ರೊಫೆಸರ್ ಬೈಯಲಿಲ್ಲ. ಒಂದು ಟ್ರೇನಲ್ಲಿ ಹರಡಿ, ಕೂರಿಸಿ ತಗೊಂಡು ಬಾ ಅಂದರು. ಹತ್ತೊಂಬತ್ತು ದಿನ ಹಿಡಿಯಿತು. ಒಂದು ಮೂಳೆ ಎಲ್ಲಿ ಕೂರುತ್ತದೆ ಅಂತ ಕೊನೆಗೂ ತಿಳಿಯಲಿಲ್ಲ, ಜೇಬಿಗೆ ಹಾಕಿಕೊಂಡೆ.

ಬ್ಲೀಚಿಂಗ್ ಪೌಡರ್. ನನಗೆ ಸಿಟ್ಟು ಬರುವುದು ಇದಕ್ಕೆ. ಮೂಳೆಯಲ್ಲಿ ಮೂರನೇ ಎರಡು ಭಾಗ ಸುಣ್ಣದಂಥ ಗಟ್ಟಿ ಪದಾರ್ಥ, ಉಳಿದದ್ದು ಹೆಚ್ಚುಕಮ್ಮಿ ಕೊಲಾಜನ್ ಎಂಬ ನಾರು. ಮನೆಯ ಗೋಡೆಗೆ ಇಟ್ಟಿಗೆಯೂ ಬೇಕು, ಗಾರೆಯೂ ಬೇಕಲ್ಲ? ಬ್ಲೀಚ್ ಆ ಗಾರೆಯನ್ನು ತಿನ್ನುತ್ತದೆ. ಮೂಳೆ ಒಳಗಿನಿಂದ ಸೀಮೆಸುಣ್ಣ ಆಗುತ್ತದೆ. ಹಾಗೆಯೇ ಹುಣಸೆ, ನಿಂಬೆ, ವಿನೆಗರ್ ಇಟ್ಟಿಗೆಯನ್ನೇ ಕರಗಿಸುತ್ತವೆ. ಅನುಮಾನ ಇದ್ದರೆ ಒಂದು ಕೋಳಿ ಮೂಳೆಯನ್ನು ವಿನೆಗರ್‌ನಲ್ಲಿ ಒಂದು ವಾರ ಇಟ್ಟು ನೋಡಿ, ರಬ್ಬರ್ ಹಾಗೆ ಬಗ್ಗುತ್ತದೆ. ನಾಣಿಯವರೇ, ಹಿತ್ತಾಳೆ ಬೇರೆ, ಮೂಳೆ ಬೇರೆ ಸ್ವಾಮಿ. ಇನ್ನೊಂದು ಮಾತು: ಬ್ಲೀಚ್ ಜೊತೆ ಟಾಯ್ಲೆಟ್ ಆಸಿಡ್ ಆಗಲಿ, ಅಮೋನಿಯ ಆಗಲಿ ಅಪ್ಪಿತಪ್ಪಿಯೂ ಸೇರಬಾರದು. ವಿಷದ ಗಾಳಿ ಏಳುತ್ತದೆ.

ಕಬ್ಬಿಣದ ಕೊಪ್ಪರಿಗೆ. ತುಕ್ಕಿನ ಗೆರೆ ಅಲ್ಲಿಂದ ಬಂದದ್ದು. ಅದನ್ನು ತೆಗೆಯುವ ಆಸಿಡ್ ಮೂಳೆಯನ್ನೂ ತೆಗೆಯುತ್ತದೆ. ಇರಲಿ ಬಿಡಿ, ಕೆಂಚನ ಹಣೆಬರಹ ಅಂದುಕೊಳ್ಳಿ.

ಕೊಂಬಿನ ವಾಸನೆ. ಕೊಂಬು ಅಂದರೆ ಎರಡು ವಸ್ತು. ಒಳಗೆ ತಲೆಗೆ ಸೇರಿದ ಮೂಳೆಯ ಗೂಟ. ಹೊರಗೆ ನಮ್ಮ ಉಗುರಿನ ಜಾತಿಯ ಚಿಪ್ಪು. ಇವೆರಡರ ನಡುವೆ ತೆಳ್ಳಗೆ ಮಾಂಸ, ರಕ್ತನಾಳ ಇರುತ್ತದೆ. ಅದನ್ನು ತೆಗೆಯದೆ ಬಿಟ್ಟಿದ್ದೀರಿ, ಅದು ಅಲ್ಲೇ ಕೊಳೆಯುತ್ತಿದೆ. ಚಿಪ್ಪು ಕಳಚಬೇಕು.

ಸರಿ, ಈಗ ಏನು ಮಾಡಬೇಕು?

ಮೊದಲು ಬೆರಳಿನಿಂದ ಬುರುಡೆಯನ್ನು ಒರೆಸಿ ನೋಡಿ. ಬಿಳಿ ಪುಡಿ ಹತ್ತುತ್ತದಾ? ಸ್ವಲ್ಪ ಹತ್ತಿದರೆ ಪರವಾಗಿಲ್ಲ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬರೀ ನೀರಿನಲ್ಲಿ ಮೂರು ನಾಲ್ಕು ದಿನ ಇಡಿ. ದಿನಾ ನೀರು ಬದಲಿಸಿ. ಬ್ಲೀಚ್ ಪೂರ್ತಿ ಹೋಗಲಿ.

ಆಮೇಲೆ ಬಕೆಟ್ ತುಂಬ ಉಗುರುಬೆಚ್ಚಗಿನ ನೀರು. ಕೊಂಬು ಪೂರ್ತಿ ಮುಳುಗಬೇಕು. ಇದಕ್ಕೆ ಏನೂ ಹಾಕಬೇಡಿ. ಮುಚ್ಚಿ ಇಡಿ. ನೀರು ನಾರುತ್ತದೆ, ನಾರಲಿ. ಒಳಗಿನ ಮಾಂಸವನ್ನು ತಿನ್ನುವ ಸೂಕ್ಷ್ಮಜೀವಿಗಳು ನಿಮ್ಮ ಕೂಲಿಯಾಳುಗಳು. ಅವಕ್ಕೆ ಬೇಕಾದದ್ದು ಬೆಚ್ಚಗಿನ ಜಾಗ, ಸ್ವಲ್ಪ ಸಮಯ. ಅಸಹ್ಯ ಆಗಿ ಪೂರ್ತಿ ನೀರು ಚೆಲ್ಲಿದರೆ ಅವನ್ನೂ ಚೆಲ್ಲಿದ ಹಾಗೆ. ಬದಲಿಸಲೇಬೇಕಾದರೆ ಅರ್ಧ ಚೆಲ್ಲಿ, ಅರ್ಧ ಉಳಿಸಿ. ಎಂಟು ಹತ್ತು ದಿನಕ್ಕೊಮ್ಮೆ ಕೊಂಬು ಹಿಡಿದು ಅದರ ಸುರುಳಿಯ ದಿಕ್ಕಿನಲ್ಲೇ ಮೆಲ್ಲಗೆ ತಿರುಗಿಸಿ ನೋಡಿ. ಬರಲಿಲ್ಲವಾ, ಮತ್ತೆ ನೀರಿಗೆ. ಬಲವಂತ ಮಾಡಿದರೆ ಗೂಟ ಮುರಿಯುತ್ತದೆ. ಕೊಂಬನ್ನು ಮಾತ್ರ ಇನ್ನೊಮ್ಮೆ ಕುದಿಸಬೇಡಿ. ಚಿಪ್ಪು ಪದರ ಪದರ ಏಳುತ್ತದೆ.

ಚಿಪ್ಪು ಬಂದ ಮೇಲೆ ಒಳಗೆಲ್ಲ ಬ್ರಷ್ ಹಾಕಿ ತೊಳೆದು, ನೆರಳಲ್ಲಿ ಒಣಗಿಸಿ, ಬೇರೆ ಇಡಿ. ಯಾವುದು ಎಡ, ಯಾವುದು ಬಲ ಅಂತ ಚೀಟಿ ಕಟ್ಟಿ. ನಿಮ್ಮದರಲ್ಲಿ ಕಚ್ಚು ಇದೆ, ಗೊತ್ತಾಗುತ್ತದೆ.

ಇನ್ನು ಜಿಡ್ಡು. ಇಡೀ ಕೆಲಸದಲ್ಲಿ ಇದೇ ಉದ್ದದ್ದು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಮುಚ್ಚಳ, ಕೈಗೆ ಚುರ್ ಅನ್ನದಷ್ಟು ಬಿಸಿಯ ನೀರು. ಅದರಲ್ಲಿ ಬುರುಡೆ ಮುಳುಗಿಸಿಡಿ. ನೀರು ಮಬ್ಬಾಗಿ ಮೇಲೆ ಕೆನೆಯ ಹಾಗೆ ಕಟ್ಟಿದರೆ ಚೆಲ್ಲಿ ಹೊಸದು ಹಾಕಿ. ಮೊದಲು ನಾಲ್ಕೈದು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಒಂದು ತಿಂಗಳು ಅಂತೂ ಬೇಕು, ಎರಡೂ ಆಗಬಹುದು. ಊರಲ್ಲೇ ಇದ್ದಿದ್ದರೆ ಬೇಸಿಗೆಯಲ್ಲಿ ಕಪ್ಪು ಬಕೆಟ್ ತಾರಸಿ ಮೇಲಿಟ್ಟರೆ ಸಾಕಿತ್ತು, ಸಿಂಧನೂರಿನ ಬಿಸಿಲೇ ಒಲೆ. ಬೆಂಗಳೂರಿನಲ್ಲಿ ಮೀನಿನ ತೊಟ್ಟಿಯ ಹೀಟರ್ ಒಂದು ತಗೊಳ್ಳಿ. ಮುಗಿಯಿತಾ ಅಂತ ತಿಳಿಯಲು ತೆಗೆದು ಒಂದು ವಾರ ನೆರಳಲ್ಲಿ ಒಣಗಿಸಿ. ಹಳದಿ ಮತ್ತೆ ಕಂಡರೆ ಮತ್ತೆ ನೀರಿಗೆ. ಸೀದಾ ಬಿಳಿ ಮಾಡಲು ಹೋಗಬೇಡಿ.

ಬಿಳಿ ಮಾಡಲು ಹೈಡ್ರೋಜನ್ ಪೆರಾಕ್ಸೈಡ್, ಮೆಡಿಕಲ್ ಶಾಪ್‌ನಲ್ಲಿ ಗಾಯ ತೊಳೆಯಲು ಕೊಡುತ್ತಾರಲ್ಲ, ಅದು. ಸಾಮಾನ್ಯವಾಗಿ 6 ಪರ್ಸೆಂಟ್ ಇರುತ್ತದೆ. ಅಷ್ಟೇ ನೀರು ಬೆರೆಸಿದರೆ 3 ಆಯಿತು, ಸಾಕು. ಕೆಮಿಕಲ್ ಅಂಗಡಿಯಲ್ಲಿ 30, 50 ಪರ್ಸೆಂಟ್‌ದೂ ಸಿಗುತ್ತದೆ, ಬೇಗ ಆಗಲಿ ಅಂತ ಅದನ್ನು ತಂದು ಹಾಗೇ ಸುರಿಯಬೇಡಿ. ಕೈಗೆ ಬಿದ್ದರೆ ಚರ್ಮ ಬೆಳ್ಳಗಾಗಿ ಉರಿ ಹತ್ತುತ್ತದೆ, ಕಣ್ಣಿಗೆ ಬಿದ್ದರೆ ಮುಗಿಯಿತು. ಗ್ಲೌಸು, ಕನ್ನಡಕ ಕಡ್ಡಾಯ. ಒಂದು ದಿನ ಇಟ್ಟು ನೋಡಿ, ಬೇಕಾದರೆ ಇನ್ನೊಂದು ದಿನ. ಕೊಂಬಿಗೆ ತಾಗಿಸಬೇಡಿ, ಬಣ್ಣ ಹೋಗುತ್ತದೆ. ಮುಚ್ಚಳ ಬಿಗಿಯಾಗಿ ಹಾಕಬೇಡಿ. ನಾನು ಒಮ್ಮೆ ಉಳಿದ ಪೆರಾಕ್ಸೈಡನ್ನು ಕ್ಯಾನಿಗೆ ಹಾಕಿ ಗಟ್ಟಿಯಾಗಿ ತಿರುಗಿಸಿಟ್ಟಿದ್ದೆ. ಒಳಗೆ ಆಕ್ಸಿಜನ್ ತುಂಬಿ ಮಧ್ಯರಾತ್ರಿ ಢಬ್ ಅಂದಿದೆ. ವಾಚ್‌ಮನ್ ಮಾರನೇ ದಿನದಿಂದ ಆ ಕಡೆ ಬರಲೇ ಇಲ್ಲ.

ಕಾಗದದ ಹಾಗೆ ಬೆಳ್ಳಗಾಗಬೇಕು ಅನ್ನುವ ಆಸೆ ಬಿಡಿ. ಒಳ್ಳೆ ಮೂಳೆಯ ಬಣ್ಣ ಹಾಲಿನ ಕೆನೆಯದು.

ಮೂಗಿನೊಳಗೆ ಕಡ್ಡಿ, ತಂತಿ ಹಾಕಬೇಡಿ. ಅಲ್ಲಿ ಸುರುಳಿ ಸುತ್ತಿದ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆ ಮೂಳೆಗಳಿವೆ. ಬುರುಡೆಯಲ್ಲಿ ನನಗೆ ತುಂಬ ಚಂದ ಕಾಣುವುದು ಅದೇ. ಬೆಳಕಿಗೆ ಹಿಡಿದು ಒಳಗೆ ನೋಡಿ, ಇನ್ನೂ ಉಳಿದಿದ್ದರೆ ನಿಮ್ಮ ಪುಣ್ಯ. ಪ್ರತಿ ಸಲ ನೀರು ಚೆಲ್ಲುವಾಗ ಜರಡಿ ಇಟ್ಟುಕೊಳ್ಳಿ. ಅಂಟಿಸಲು ಬಿಳಿ ಫೆವಿಕಾಲ್ ಸಾಕು. ಫೆವಿಕ್ವಿಕ್, ಎಂ-ಸೀಲ್ ಬೇಡ. ಫೆವಿಕಾಲ್ ತಪ್ಪಾಗಿ ಅಂಟಿಸಿದರೆ ನೀರಲ್ಲಿ ನೆನೆಸಿ ಬಿಡಿಸಬಹುದು, ಅವು ಬಿಡುವುದಿಲ್ಲ. ಪುಡಿ ಹತ್ತುವುದು ನಿಲ್ಲದಿದ್ದರೆ ಮ್ಯೂಸಿಯಂನವರು ಪ್ಯಾರಲಾಯ್ಡ್ ಬಿ-72 ಅಂತ ಒಂದು ಅಂಟನ್ನು ಅಸಿಟೋನ್‌ನಲ್ಲಿ ತೆಳ್ಳಗೆ ಕರಗಿಸಿ ಹಚ್ಚುತ್ತಾರೆ. ಅದು ಜಿಡ್ಡು ಪೂರ್ತಿ ಹೋದ ಮೇಲಿನ ಮಾತು.

ದೀಪಾವಳಿಗೆ ಆಗುವುದಿಲ್ಲ. ಯುಗಾದಿಗೆ ಕೇಳಿ.

ಮತ್ತೆ ಒಂದು ವಿಷಯ, ಇದು ಎಲ್ಲರಿಗೂ. ಇವರು ಡಾಕ್ಟರನ್ನು ಕರೆಸಿ ಕೇಳಿದ್ದು ಒಳ್ಳೆಯದಾಯಿತು. ಕುರಿಯೋ ದನವೋ ಇದ್ದಕ್ಕಿದ್ದ ಹಾಗೆ ಸತ್ತು, ಮೂಗಿನಲ್ಲಿ ಬಾಯಲ್ಲಿ ಕಪ್ಪು ರಕ್ತ ಸೋರುತ್ತಿದ್ದರೆ ಚಾಕು ಮುಟ್ಟಬೇಡಿ. ಅದು ನೆರಡಿ, ಅಂದರೆ ಆಂಥ್ರಾಕ್ಸ್ ಇರಬಹುದು. ಕೊಯ್ದರೆ ರೋಗದ ಬೀಜ ಗಾಳಿಗೆ ಬಿದ್ದು ಗಟ್ಟಿಯಾಗುತ್ತದೆ, ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಅಂಥ ತಲೆ ಶೋಕೇಸಿಗೆ ಬೇಡ.

ಮಲ್ಪೆ_ಕಾಗೆ:

ಮೇಷ್ಟ್ರೇ, ಹುಳದ ವಿಷಯ ಯಾಕೆ ಬಿಟ್ರಿ? ವಿದೇಶದ ಮ್ಯೂಸಿಯಂಗಳಲ್ಲಿ ದುಂಬಿ ಬಿಟ್ಟು ಮಾಂಸ ತಿನ್ನಿಸ್ತಾರಲ್ಲ. ನಾನು ಓದಿ ನೋಡಿದರೆ, ಅದು ನಮ್ಮ ಒಣಮೀನಿನಲ್ಲಿ ಬರುವ ಅದೇ ಕಪ್ಪು ಹುಳ ಮಾರಾಯ್ರೆ! ಮರಿ ಇಡೀ ರೋಮ ರೋಮ.

ಬಿಟ್ಟಿ ಸಿಗುತ್ತದಲ್ಲ ಅಂತ ಒಂದು ಡಬ್ಬ ಹುಳ ಹಿಡಿದು ತಂದು, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಹಾಕಿ, ಒಳಗೆ ಊರಕೋಳಿಯ ತಲೆ ಇಟ್ಟೆ. ಕೋಳಿ ತಲೆ ನಿಜವಾಗಿಯೂ ಚಂದ ಆಯ್ತು. ಕೊಕ್ಕಿನ ಹತ್ತಿರದ ಸೂಜಿಯಂಥ ಮೂಳೆ ಸಹ ಮುರಿಯಲಿಲ್ಲ. ಆದರೆ ಥರ್ಮೋಕೋಲ್ ಜಾಳು ಜಾಳು! ಮರಿಗಳು ಕೋಶ ಕಟ್ಟಲಿಕ್ಕೆ ಅದನ್ನೇ ಕೊರೆದು ಹೊರಗೆ ಬಂದಿದ್ದವು. ಒಂದು ತಿಂಗಳ ಮೇಲೆ ಅಮ್ಮನ ಒಣಸಿಗಡಿ ಡಬ್ಬದಲ್ಲಿ ಸಿಕ್ಕಿದವು. ಆಮೇಲೆ ಅಪ್ಪನ ಚರ್ಮದ ಚಪ್ಪಲಿಯಲ್ಲಿ. ಅಪ್ಪ ಈಗಲೂ ಚಪ್ಪಲಿ ಕೊಡವಿಯೇ ಹಾಕುವುದು.

ಮೂಳೆಮೇಷ್ಟ್ರು:

ಬಿಟ್ಟದ್ದು ಇದೇ ಕಾರಣಕ್ಕೆ. ಹಕ್ಕಿ, ಇಲಿಯಂಥ ನಾಜೂಕು ಬುರುಡೆಗೆ ಅದಕ್ಕಿಂತ ಒಳ್ಳೆ ಕೆಲಸಗಾರರಿಲ್ಲ. ಆದರೆ ಗಾಜಿನ ತೊಟ್ಟಿ, ಮೇಲೆ ಸಣ್ಣ ಕಣ್ಣಿನ ಜಾಲರಿ, ಮನೆಯಿಂದ ದೂರದ ಶೆಡ್ಡು ಇರಬೇಕು. ಕೆಲಸ ಮುಗಿದ ಬುರುಡೆಯನ್ನು ಕವರ್‌ನಲ್ಲಿ ಕಟ್ಟಿ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟು, ಉಳಿದ ಮೊಟ್ಟೆ ಮರಿ ಸಾಯಿಸಿಯೇ ಒಳಗೆ ತರಬೇಕು. ಕೆಂಚನಿಗೆ ಅದು ಆಗುವುದೂ ಇಲ್ಲ. ಆ ಹುಳಗಳಿಗೆ ಒಣಗಿದ ಮಾಂಸ ಬೇಕು. ಅಲ್ಲಿ ಈಗ ಇರುವುದು ಸೋಡಾ, ಬ್ಲೀಚು. ಕೊಂಬಿನ ಚಿಪ್ಪನ್ನು ಬೇಕಾದರೆ ತಿಂದುಬಿಟ್ಟಾವು.

ಚಪ್ಪಲಿಯವರಿಗೆ ನನ್ನ ಸಂತಾಪ.

ಕಾಫಿಗಿಡ:

ಒಳ್ಳೆ ಚರ್ಚೆ. ನಮ್ಮ ತೋಟದ ಅಂಚಿನಲ್ಲಿ ಜಿಂಕೆ ಕೊಂಬು ಬಿದ್ದಿತ್ತು. ತಾನಾಗೇ ಉದುರಿದ್ದು, ಯಾರೂ ಕೊಂದಿಲ್ಲ. ಅದಕ್ಕೂ ಇದೇ ಕ್ರಮನಾ? ಪೆರಾಕ್ಸೈಡ್ ಹಾಕಬಹುದಾ? ದೊಡ್ಡಪ್ಪನ ಮನೆಯಲ್ಲಿ ಹಳೇ ಕಾಟಿ (ಕಾಡುಕೋಣ) ತಲೆಯೂ ಒಂದಿದೆ, ಬೇಟೆಯ ಪ್ರಾಣಿಗಳನ್ನು ಗೋಡೆಗೆ ಹಾಕುವ ಹಾಗೆ ಮಾಡಿಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕಂಪನಿಯ ಕೆಲಸ ಅಂತಾರೆ. ಅದರ ಮೂಗಿನ ಹತ್ತಿರ ಬಿರುಕು ಬಿಟ್ಟಿದೆ.

ಮೂಳೆಮೇಷ್ಟ್ರು:

ಕ್ರಮ ಒಂದೇ: ಎತ್ತಿಕೊಂಡು ಮನೆಗೆ ತರಬೇಡಿ. ತಂದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಿ.

1972ರ ವನ್ಯಜೀವಿ ಕಾಯ್ದೆಯ ಲೆಕ್ಕದಲ್ಲಿ ಉದುರಿದ ಕೊಂಬೂ ಅಷ್ಟೆ, ಸಿಕ್ಕಿದ ಬುರುಡೆಯೂ ಅಷ್ಟೆ. ನಾನು ಕೊಂದಿಲ್ಲ ಅನ್ನುವುದು ಉತ್ತರ ಆಗುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪೆಂಡೆಂಟ್ ಗಲಾಟೆ ಆಯಿತಲ್ಲ, ಎಷ್ಟೋ ಮನೆಗಳಲ್ಲಿ ಆಗಲೇ ಜನ ಗೋಡೆ ಕಡೆ ತಿರುಗಿ ನೋಡಿದ್ದು. ಅದರ ಮುಂದಿನ ಜನವರಿಯಲ್ಲಿ ಸರ್ಕಾರ ಇಂಥ ವಸ್ತು ಒಪ್ಪಿಸಲು ಮೂರು ತಿಂಗಳ ಗಡುವನ್ನೂ ಕೊಟ್ಟಿತ್ತು. ದೊಡ್ಡಪ್ಪನ ಹತ್ತಿರ ಕಾಟಿ ತಲೆಗೆ ಮಾಲೀಕತ್ವದ ಸರ್ಟಿಫಿಕೇಟ್ ಇದೆಯಾ ಅಂತ ಮೊದಲು ಕೇಳಿ. ಬಿರುಕು ಆಮೇಲೆ ನೋಡೋಣ. ಅಂದಹಾಗೆ ವ್ಯಾನ್ ಇಂಗೆನ್‌ನವರದ್ದು ಬೇರೆ ವಿದ್ಯೆ. ಅವರು ಅಚ್ಚಿನ ಮೇಲೆ ಚರ್ಮ ಹೊದಿಸುತ್ತಿದ್ದರು. ಅದು ನನ್ನ ಕೈಕೆಲಸ ಅಲ್ಲ.

ಇಲ್ಲಿ ಬರೆದದ್ದೆಲ್ಲ ಸಾಕಿದ ಪ್ರಾಣಿಗೆ. ಕುರಿ, ಆಡು, ಕೋಳಿ. ಕಾಡುಹಂದಿಯೂ ಕಾಡಿನದೇ, ಮರೆಯಬೇಡಿ.

ಕೆಂಚನ_ದೋಸ್ತ್:

ಮೇಷ್ಟ್ರೇ, ಮೇಲಿನ ಹಲ್ಲಿನ ವಿಷಯ ಓದಿ ಮನೆಯವಳು ಬಿದ್ದು ಬಿದ್ದು ನಕ್ಕಳು. ಕುರುಬರ ಮನೆ ಹುಡುಗ ನೀನು ಅಂತ. ಅದರ ಖುಷಿಗೋ ಏನೋ ಗಡುವು ಯುಗಾದಿಗೆ ಹೋಗಿದೆ. ಬಕೆಟ್ ಮಾತ್ರ ತಾರಸಿ ಮೇಲೆ, ನೀರಿನ ಟ್ಯಾಂಕಿನ ಹಿಂದೆ ಇರಬೇಕು ಅಂತ ಷರತ್ತು.

ಮೂಗಿನೊಳಗೆ ಟಾರ್ಚ್ ಬಿಟ್ಟು ನೋಡಿದೆ. ಎಡಗಡೆ ಸುರುಳಿ ಮೂಳೆ ಪೂರ್ತಿ ಇದೆ. ಬಲಗಡೆ ನಾನು ಆವತ್ತು ಚಾಕು ತೂರಿಸಿದ್ದೆ, ಅಲ್ಲಿ ಏನೂ ಉಳಿದಿಲ್ಲ.

ಮೂಳೆಮೇಷ್ಟ್ರು:

ಒಂದು ಇದೆಯಲ್ಲ. ಶೋಕೇಸಿನಲ್ಲಿ ಎಡಗಡೆ ಮುಂದೆ ಬರುವ ಹಾಗೆ ಇಡಿ.

ಕೆಂಚನ_ದೋಸ್ತ್ (ನಾಲ್ಕು ತಿಂಗಳ ಮೇಲೆ):

ಯಾರಾದರೂ ಇನ್ನೂ ಓದುತ್ತಿದ್ದರೆ, ಆದದ್ದು ಹೇಳುತ್ತೇನೆ.

ಬಲಗೊಂಬು 16ನೇ ದಿನ ಕೈಗೆ ಬಂತು, ಬಾಟಲಿ ಮುಚ್ಚಳದ ಹಾಗೆ. ಒಳಗಿದ್ದದ್ದನ್ನು ವರ್ಣಿಸುವುದಿಲ್ಲ. ಪಕ್ಕದ ಮನೆಯವರು ಡ್ರೈನೇಜ್ ಬ್ಲಾಕ್ ಆಗಿದೆ ಅಂತ ಕಂಪ್ಲೇಂಟ್ ಕೊಡುವ ಹಂತಕ್ಕೆ ಹೋಗಿದ್ದರು. ಎಡಗೊಂಬು ಹಟ ಮಾಡಿತು. ಇಪ್ಪತ್ತನೇ ದಿನ ನಾನು ತಾಳ್ಮೆ ಕೆಟ್ಟು ಜೋರಾಗಿ ತಿರುಗಿಸಿದೆ, ಕಟಕ್ ಅಂತ ಸದ್ದು ಬಂತು, ಎದೆ ಝಲ್ ಅಂತು. ಮತ್ತೆ ನೀರಿಗೆ ಹಾಕಿ ಹದಿನೈದು ದಿನ ಆ ಕಡೆ ಹೋಗಲಿಲ್ಲ. 35ನೇ ದಿನ ತಾನೇ ಬಂತು. ಗೂಟದ ತುದಿಯಲ್ಲಿ ಕಡಲೆಕಾಳಿನಷ್ಟು ಚೂರು ಮುರಿದಿದೆ. ಚಿಪ್ಪು ಹಾಕಿದ ಮೇಲೆ ಕಾಣುವುದಿಲ್ಲ. ನನಗೆ ಗೊತ್ತು, ಅಷ್ಟೆ.

ಜಿಡ್ಡಿಗೆ ಒಂಬತ್ತು ವಾರ. ಮೊದಲ ನೀರಿನ ಮೇಲೆ ಗಸಗಸೆ ಪಾಯಸದ ಕೆನೆಯ ಹಾಗೆ ಕಟ್ಟಿತ್ತು. ಆರನೇ ವಾರ ಮುಗಿಯಿತು ಅಂದುಕೊಂಡು ಒಣಗಿಸಿದೆ, ಹಿಂದಲೆಯಲ್ಲಿ ನಾಣ್ಯದಷ್ಟು ಹಳದಿ ಮತ್ತೆ ಬಂತು. ಮತ್ತೆ ಮೂರು ವಾರ. ಪೆರಾಕ್ಸೈಡ್ ಒಂದೇ ದಿನ ಇಟ್ಟೆ. ಈಗ ಕೆನೆ ಬಣ್ಣ ಬಂದಿದೆ. ಪುಡಿ ಹತ್ತುವುದಿಲ್ಲ, ಹಣೆಯ ಹತ್ತಿರ ಮಾತ್ರ ಸ್ವಲ್ಪ ಒರಟು. ತುಕ್ಕಿನ ಗೆರೆ ಹಾಗೇ ಇದೆ.

ಮೂಗಿನ ಮೂಳೆ, ಕೆಳದವಡೆ, ಎಂಟು ಹಲ್ಲು ಎಲ್ಲ ಫೆವಿಕಾಲ್ ಹಾಕಿ ಕೂರಿಸಿದೆ. ಹಲ್ಲು ಕೂರಿಸಲು ಎರಡು ಸಂಜೆ ಬೇಕಾಯಿತು.

ಹೋದ ವಾರ ತಾತ ಕಣ್ಣಿನ ಆಪರೇಷನ್ ಚೆಕಪ್‌ಗೆ ಬೆಂಗಳೂರಿಗೆ ಬಂದಿದ್ದರು. ಶೋಕೇಸಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಕಚ್ಚಿನ ಮೇಲೆ ಹೆಬ್ಬೆರಳು ಆಡಿಸಿದರು. ಕೆಳದವಡೆ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ಅಂದರು: ಈ ಕಡೆ ಎರಡನೇದು ಆ ಕಡೆ ಹೋಗಿದೆ, ಆ ಕಡೆದು ಈ ಕಡೆ ಬಂದಿದೆ, ನಮ್ಮ ಕೆಂಚನ ಬಾಯಿ ಹಿಂಗಿರಲಿಲ್ಲ.

ಮೂಳೆಮೇಷ್ಟ್ರು:

ತಾತನಿಗೆ ನನ್ನ ನಮಸ್ಕಾರ ಹೇಳಿ. ನೀವು ಕಳಿಸಿದ ಫೋಟೊದಲ್ಲಿ ನನಗೆ ಕಂಡಿರಲಿಲ್ಲ.

ಫೆವಿಕಾಲ್ ತಾನೇ ಹಾಕಿದ್ದು? ಕೆಳದವಡೆಯ ಮುಂಭಾಗವನ್ನು ಮಾತ್ರ ಬೆಚ್ಚಗಿನ ನೀರಲ್ಲಿ ರಾತ್ರಿ ನೆನೆಸಿಡಿ. ಬೆಳಿಗ್ಗೆ ಸಡಿಲ ಆಗಿರುತ್ತವೆ. ತಾತ ಊರಿಗೆ ಹೊರಡುವ ಮುಂಚೆ ಅವರ ಕೈಯಲ್ಲೇ ಕೂರಿಸಿಬಿಡಿ.